ಒಂದೇ ಚಿತ್ರ, ಎರಡು ಲಿಪಿ

ಈ ಸಲ ಶ್ರಾವಣಕ್ಕೆ ಮನೆ ತೊಳೆಯುವಾಗ ಅಟ್ಟದಿಂದ ಒಂದು ಗಂಟು ಇಳಿಯಿತು. ಹಳೇ ಪಂಚೆಯಲ್ಲಿ ಬಿಗಿಯಾಗಿ ಕಟ್ಟಿದ ಗಂಟು. ಒಳಗೆ ಏನಿದೆ ಎಂದು ಬಿಚ್ಚುವ ಮುಂಚೆಯೇ ನನಗೆ ಗೊತ್ತಾಯಿತು. ಮೂರನೇ ಕ್ಲಾಸಿನ ಮೊಮ್ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಒಳಗಿದ್ದದ್ದು ಹಳದಿಗಟ್ಟಿದ 24 ಪುಸ್ತಕಗಳು.

“ತಾತ, ಇದು ಯಾವ ಭಾಷೆ?”

“ತಮಿಳು. ‘ಅಂಬುಲಿಮಾಮ’ ಅಂತ, ಮಕ್ಕಳ ಪತ್ರಿಕೆ.”

“ನಮ್ಮದಾ?”

“ಅಲ್ಲ, ವಾಪಸು ಕೊಡಬೇಕಾದದ್ದು.”

“ಯಾವಾಗ ಕೊಡಬೇಕಿತ್ತು?”

“1992ರಲ್ಲಿ.”

ಅವಳು ಬಿದ್ದು ಬಿದ್ದು ನಕ್ಕಳು. ಶಾಲೆಯ ಲೈಬ್ರರಿ ಪುಸ್ತಕವನ್ನು ಒಂದು ವಾರ ತಡ ಮಾಡಿದ್ದಕ್ಕೆ ನಾನೇ ಅವಳಿಗೆ ಬುದ್ಧಿ ಹೇಳಿದ್ದೆ. 38 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಇನ್ನೊಬ್ಬರ ಬಾಕಿಯನ್ನು ಕೆಂಪು ಮಸಿಯಲ್ಲಿ ಬರೆದವನ ಅಟ್ಟದ ಮೇಲೇ ಇಷ್ಟು ಹಳೆಯ ಬಾಕಿ!

“ಹೋಗಿ ಕೊಟ್ಟು ಬರೋಣ ಬಾ” ಅಂದೆ. ಹಾಗೆ ಶುರುವಾಯಿತು ನಮ್ಮ ಒಂದು ದಿನದ ಯಾತ್ರೆ. ದೂರವೇನಿಲ್ಲ, ಶಿವಾಜಿನಗರದಿಂದ ಹಲಸೂರು, ಅಲ್ಲಿಂದ ಕೃಷ್ಣರಾಜಪುರ. ಆದರೆ ನನಗೆ ಅದು ಕಾಶಿಗಿಂತ ದೂರ ಅನ್ನಿಸಿತ್ತು. ಯಾಕೆಂದು ಮುಂದೆ ಹೇಳುತ್ತೇನೆ.

ಶಿವಾಜಿನಗರ: ಬೆನ್ನು ಯಾವ ಕಡೆ?

ಪುಸ್ತಕಗಳನ್ನು ಹಾಗೇ ಕೊಡುವಂತಿರಲಿಲ್ಲ. ಪಿನ್ನು ತುಕ್ಕು ಹಿಡಿದಿತ್ತು, ಅಂಚುಗಳು ಹುಳು ತಿಂದು ಜಾಲರಿಯಾಗಿದ್ದವು. ಹದಿನೈದು ದಿನ ಮುಂಚೆಯೇ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಒಬ್ಬ ಬೈಂಡಿಂಗ್ ಭಾಯಿಗೆ ಕೊಟ್ಟು ಬಂದಿದ್ದೆ. 12 ಸಂಚಿಕೆಗೊಂದರಂತೆ ಎರಡು ಸಂಪುಟ. ಯಾತ್ರೆಯ ದಿನ ಬೆಳಿಗ್ಗೆ ಅವನ್ನು ತೆಗೆದುಕೊಳ್ಳಲು ಇಬ್ಬರೂ ಶಿವಾಜಿನಗರದಲ್ಲಿ ಬಸ್ಸಿಳಿದೆವು.

ಈ ಜಾಗ ನಿಮಗೆ ಗೊತ್ತಿರಬಹುದು. ಒಂದು ಕಡೆ ಸಂತ ಮೇರಿ ಬೆಸಿಲಿಕಾ, ಇನ್ನೊಂದು ಕಡೆ 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟು, ಸುತ್ತ ಮಸೀದಿಗಳು, ಹೂವಿನ ಬುಟ್ಟಿಗಳು, ಹಣ್ಣಿನ ರಾಶಿ. 1809ರಲ್ಲಿ ಬ್ರಿಟಿಷರು ಇಲ್ಲಿ ಸೈನ್ಯ ತಂದು ಇಳಿಸಿದರು. ಅದಕ್ಕೇ ಹಳಬರು ಕಂಟೋನ್ಮೆಂಟಿಗೆ ‘ದಂಡು’ ಅನ್ನುತ್ತಿದ್ದರು. ಸೈನ್ಯದ ಹಿಂದೆ ದರ್ಜಿಗಳು, ಅಡುಗೆಯವರು, ಕಲ್ಲುಕೆಲಸದವರು, ವ್ಯಾಪಾರಿಗಳು ಬಂದರು. ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಎಲ್ಲವೂ ಕನ್ನಡದ ಅಕ್ಕಪಕ್ಕ ಬಂದು ಕೂತವು. ಆ ಕಡೆ ಚಿಕ್ಕಪೇಟೆ, ಬಳೇಪೇಟೆಯ ‘ಪೇಟೆ’, ಈ ಕಡೆ ‘ದಂಡು’. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ, ನಾನು ಹುಟ್ಟುವ ಎರಡು ವರ್ಷ ಮುಂಚೆ.

ಭಾಯಿಯ ಅಂಗಡಿ ಅಂದರೆ ಒಂದು ಮೇಜು, ಒಂದು ಒತ್ತುಯಂತ್ರ, ಅಂಟಿನ ಡಬ್ಬಿ. ಸಂಪುಟಗಳು ಸಿದ್ಧವಾಗಿದ್ದವು. ಪಿನ್ನು ಕಿತ್ತು, ದಾರದಲ್ಲಿ ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಕೆಂಪು ಕ್ಯಾಲಿಕೋ ಬಟ್ಟೆ ಅಂಟಿಸಿದ್ದರು. ನಮ್ಮ ಬ್ಯಾಂಕಿನ ಲೆಡ್ಜರುಗಳಿಗೂ ಇದೇ ಬಟ್ಟೆ ಇರುತ್ತಿತ್ತು. ಅದನ್ನು ಮುಟ್ಟಿದ ಕೂಡಲೇ ಕೈಗೆ ಹಳೆಯ ಪರಿಚಯ ಹತ್ತಿತು.

“ಅಂಚು ಕಟಿಂಗ್ ಮಾಡಿಲ್ಲ ಸಾರ್. ಚಿತ್ರ ಹೋಗ್ತದೆ ಅಂತ ನೀವು ಹೇಳಿದ್ರಲ್ಲ” ಅಂದರು ಭಾಯಿ. ಆಮೇಲೆ ತಾವೇ ಹೇಳಿದರು: “ಕೆಲಸ ಮಾಡ್ತಾ ಮಾಡ್ತಾ ಎಲ್ಲ ಚಿತ್ರ ನೋಡಿಬಿಟ್ಟೆ. ನಮಗೆ ಚಿಕ್ಕೋರಿದ್ದಾಗ ದಿಲ್ಲಿಯಿಂದ ‘ಖಿಲೌನಾ’ ಬರ್ತಿತ್ತು. ಉರ್ದು ಮಕ್ಕಳ ಪುಸ್ತಕ. ಅದರಲ್ಲೂ ಹೀಗೇ ರಾಜ, ಭೂತ, ಕಾಡು.”

ಮೊಮ್ಮಗಳು ಮೇಜಿನ ಮೇಲಿದ್ದ ಒಂದು ಉರ್ದು ಪುಸ್ತಕ ತೋರಿಸಿ, “ಇದನ್ನ ತಲೆಕೆಳಗಾಗಿ ಬೈಂಡ್ ಮಾಡಿದ್ದೀರಿ” ಅಂದಳು. ಭಾಯಿ ನಕ್ಕರು. “ಇಲ್ಲ ಬೇಟಾ. ಉರ್ದು ಬಲಗಡೆಯಿಂದ ಓದೋದು. ಅದಕ್ಕೆ ಬೆನ್ನು ಈ ಕಡೆ. ನಿಮ್ಮದಕ್ಕೆ ಆ ಕಡೆ. ದಾರ ಒಂದೇ.”

ಹಲಸೂರು: ಎದುರುಮನೆ

ಅಲ್ಲಿಂದ ಆಟೋದಲ್ಲಿ ಹಲಸೂರಿಗೆ ಬಂದೆವು. ನಾನು ಹುಟ್ಟಿ ಬೆಳೆದ ಬೀದಿ ಸೋಮೇಶ್ವರ ದೇವಸ್ಥಾನಕ್ಕೆ ನಾಲ್ಕು ಹೆಜ್ಜೆ. ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡ, ಕೆಳಗೆ ಮೊಬೈಲ್ ರಿಪೇರಿ ಅಂಗಡಿ. ಎದುರುಮನೆಯೂ ಇಲ್ಲ. ಮಧ್ಯದ ರಸ್ತೆ ಮಾತ್ರ ಅಷ್ಟೇ ಇದೆ, ಹನ್ನೆರಡು ಅಡಿ.

ಆ ಎದುರುಮನೆಯಲ್ಲಿ ನನ್ನ ವಾರಿಗೆಯ ಒಬ್ಬ ಹುಡುಗ ಇದ್ದ. ಅವರ ಮನೆಮಾತು ತಮಿಳು, ನಮ್ಮದು ಕನ್ನಡ. ಬೀದಿಯಲ್ಲಿ ಗೋಲಿ ಆಡುವಾಗ ಎರಡನ್ನೂ ಕಲಸಿ ಮಾತಾಡುತ್ತಿದ್ದೆವು. ಆದರೆ ಓದುವಾಗ ಮಾತ್ರ ಅವನ ಅಕ್ಷರ ನನಗೆ ಬರುತ್ತಿರಲಿಲ್ಲ, ನನ್ನದು ಅವನಿಗೆ ಬರುತ್ತಿರಲಿಲ್ಲ.

ನಮ್ಮಪ್ಪ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ತಿಂಗಳಿಗೊಮ್ಮೆ ‘ಚಂದಮಾಮ’ ತರುತ್ತಿದ್ದರು. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರ ಮುಂದೆ ಈ ಹೆಸರು ಹೇಳಿ ನೋಡಿ, ಅವರ ಮುಖ ಹೇಗೆ ಅರಳುತ್ತದೆ ಅಂತ. ಮದರಾಸಿನಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿ ಎಂಬ ಇಬ್ಬರು ಸ್ನೇಹಿತರು 1947ರ ಜುಲೈಯಲ್ಲಿ ಇದನ್ನು ತೆಲುಗು ಮತ್ತು ತಮಿಳಿನಲ್ಲಿ ಶುರುಮಾಡಿದರು. ಸ್ವಾತಂತ್ರ್ಯ ಬಂದದ್ದೂ ಅದರ ಮುಂದಿನ ತಿಂಗಳೇ. ಸ್ವಲ್ಪ ಕಾಲದಲ್ಲೇ ಕನ್ನಡದಲ್ಲೂ ಬಂತು. ಆಮೇಲೆ ಇನ್ನೂ ಎಷ್ಟೋ ಭಾಷೆಗಳಲ್ಲಿ. ತಮಿಳಿನಲ್ಲಿ ಅದರ ಹೆಸರೇ ‘ಅಂಬುಲಿಮಾಮ’. ಅಂಬುಲಿ ಅಂದರೂ ಚಂದ್ರನೇ.

ಒಂದು ಸಂಜೆ ನಾನು ನಮ್ಮ ಜಗಲಿಯ ಮೇಲೆ ‘ಚಂದಮಾಮ’ ಹಿಡಿದು ಕೂತಿದ್ದೆ. ಅವನು ಅವರ ಜಗಲಿಯ ಮೇಲೆ ‘ಅಂಬುಲಿಮಾಮ’ ಹಿಡಿದು ಕೂತಿದ್ದ. ದೂರದಿಂದಲೇ ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ರಕ್ಷಾಪುಟ ಒಂದೇ! ಅವನು ರಸ್ತೆ ದಾಟಿ ಓಡಿಬಂದ. ಎರಡನ್ನೂ ಪಕ್ಕಪಕ್ಕ ಇಟ್ಟು ಹಾಳೆ ತಿರುಗಿಸಿದೆವು. ಹೆಣ ಹೊತ್ತ ವಿಕ್ರಮ ರಾಜ ಅವನ ಪುಸ್ತಕದಲ್ಲೂ ಇದ್ದ, ನನ್ನದರಲ್ಲೂ ಇದ್ದ. ಅದೇ ಕತ್ತಿ, ಅದೇ ಸ್ಮಶಾನ, ಅದೇ ಕತ್ತಲೆ. ಕೆಳಗಿನ ಅಕ್ಷರ ಮಾತ್ರ ಬೇರೆ.

ನಮಗೆ ಕಳ್ಳದಾರಿ ಸಿಕ್ಕಿಬಿಟ್ಟಿತು. ಚಿತ್ರ ಒಂದೇ ಆದ್ದರಿಂದ ಕತೆಯೂ ಒಂದೇ ಇರಬೇಕು. ಹಾಗಾದರೆ ನನ್ನ ಸಾಲಿನಲ್ಲಿ ‘ರಾಜ’ ಇದ್ದ ಕಡೆ ಅವನ ಸಾಲಿನಲ್ಲೂ ರಾಜ ಇರಬೇಕು. ಹೀಗೆ ಬೆರಳಿಟ್ಟು ಹುಡುಕುತ್ತ ಹುಡುಕುತ್ತ ಆರು ತಿಂಗಳಲ್ಲಿ ನಾನು ತಮಿಳು ಓದಲು, ಅವನು ಕನ್ನಡ ಓದಲು ಕಲಿತೆವು. ಅವನಿಗೆ ನಮ್ಮ ಒತ್ತಕ್ಷರ ಕಂಡರೆ ಸಿಟ್ಟು. “ಒಂದರ ಹೊಟ್ಟೆ ಕೆಳಗೆ ಇನ್ನೊಂದು ಯಾಕೋ ನೇತಾಡುತ್ತೆ?” ಅನ್ನುತ್ತಿದ್ದ. ನನಗೆ ಅವರ ಅಕ್ಷರಗಳ ಮೇಲೆ ಅನುಮಾನ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ಧ ಎರಡಕ್ಕೂ ಒಂದೇ. ‘ಗಾಂಧಿ’ ಎಂದು ಬರೆದದ್ದನ್ನು ‘ಕಾಂತಿ’ ಎಂದೂ ಓದಬಹುದು. ನಾನು ಮಹಾತ್ಮ ಕಾಂತಿ ಎಂದು ಓದಿದ ದಿನ ಅವರ ಪಾಟಿ, ಅಂದರೆ ಅಜ್ಜಿ, ನಕ್ಕು ನಕ್ಕು ಎಲೆಅಡಿಕೆ ನೆತ್ತಿಗೇರಿಸಿಕೊಂಡಿದ್ದರು.

ಆ ಕಳ್ಳದಾರಿಯ ಓದು ಮುಂದೆ ನನ್ನ ಹೊಟ್ಟೆಪಾಡಿಗೂ ಆಯಿತು. ಬಿಕಾಂ ಮುಗಿಸಿ 1973ರಲ್ಲಿ ಬ್ಯಾಂಕಿಗೆ ಸೇರಿದೆ. ದಂಡಿನ ಶಾಖೆ. ಗಿರಾಕಿಗಳು ತಮಿಳಿನಲ್ಲಿ, ಉರ್ದುವಿನಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಸಹಿ ಹಾಕುತ್ತಿದ್ದರು. ತಮಿಳು ಸಹಿ ಬಂದರೆ ಮೇನೇಜರು ನನ್ನ ಕಡೆ ಚೀಟಿ ತಳ್ಳುತ್ತಿದ್ದರು. ಸಹಿ ಸರಿ ಇದೆ ಅಂತ ನಾನು ತಲೆಯಾಡಿಸಿದರೆ ದುಡ್ಡು ಹೊರಗೆ ಬರುತ್ತಿತ್ತು. ಬೇತಾಳನ ಕೃಪೆ!

ಕಲ್ಲಿನ ಚಿತ್ರಪುಸ್ತಕ

ದೇವಸ್ಥಾನದೊಳಗೆ ಹೋದೆವು. ಹಲಸೂರು ಸೋಮೇಶ್ವರ ಬಹಳ ಹಳೆಯ ಗುಡಿ, ವಿಜಯನಗರ ಕಾಲದ ಕಂಬಗಳು. ಮೊಮ್ಮಗಳು ಒಂದು ಶಿಲ್ಪದ ಮುಂದೆ ನಿಂತಳು. ಬಹಳ ತಲೆ, ಬಹಳ ಕೈಗಳ ಒಬ್ಬ, ಮೇಲೆ ಒಂದು ಬೆಟ್ಟ.

“ಇವನು ಬೆಟ್ಟಾನ ಯಾಕೆ ಎತ್ತುತ್ತಿದ್ದಾನೆ?”

ಅದು ಕೈಲಾಸ ಎತ್ತುತ್ತಿರುವ ರಾವಣ. ನನಗೆ ಈ ಕತೆ ಹೇಳಿದ್ದು ಎದುರುಮನೆಯ ಪಾಟಿ, ಇದೇ ಜಾಗದಲ್ಲಿ ನಿಲ್ಲಿಸಿಕೊಂಡು. ಪಾಟಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಆದರೆ ಈ ಗುಡಿಯನ್ನು ಪುಸ್ತಕದ ಹಾಗೆ ಓದುತ್ತಿದ್ದರು. ಇಲ್ಲಿ ರಾವಣ, ಅಲ್ಲಿ ಮಹಿಷಾಸುರನನ್ನು ಕೊಲ್ಲುವ ದುರ್ಗೆ, ಆ ಕಡೆ ಗಿರಿಜೆಯ ಮದುವೆ, ಮದುವೆಗೆ ಬಂದ ನೆಂಟರಿಷ್ಟರು. ಪ್ರತಿ ಸಲ ಕತೆ ಸ್ವಲ್ಪ ಬೇರೆಯಾಗುತ್ತಿತ್ತು. ಒಮ್ಮೆ ರಾವಣನಿಗೆ ಬೆನ್ನುನೋವು, ಒಮ್ಮೆ ಹಸಿವು. ಕಲ್ಲು ಬದಲಾಗುತ್ತಿರಲಿಲ್ಲ, ಪಾಟಿಯ ಮಾತು ಬದಲಾಗುತ್ತಿತ್ತು.

ನಿವೃತ್ತನಾದ ಮೇಲೆ ನಾನು ಮಕ್ಕಳಿಗಾಗಿ ಸಣ್ಣಪುಟ್ಟ ಕತೆ ಬರೆಯತೊಡಗಿದೆ. “ಕತೆ ಎಲ್ಲಿಂದ ಬರುತ್ತೆ?” ಅಂತ ಕೇಳುವವರಿಗೆ ನಾನು ಹೇಳುವುದು ಈ ಗುಡಿಯ ಮಾತನ್ನೇ. ನನಗೆ ಮೊದಲು ಮಾತು ಬರುವುದಿಲ್ಲ, ಚಿತ್ರ ಬರುತ್ತದೆ. ಹಲಸೂರು ಕೆರೆಯ ಒಂದು ಬಾತುಕೋಳಿ ಹಿತ್ತಾಳೆ ಟೋಕನ್ ಕಚ್ಚಿಕೊಂಡು ಬ್ಯಾಂಕಿನ ಕೌಂಟರಿನ ಮುಂದೆ ನಿಂತ ಹಾಗೆ ಒಂದು ದಿನ ಕಣ್ಣಿಗೆ ಕಟ್ಟಿತು. ಅದು ಎಷ್ಟು ದುಡ್ಡು ಕೇಳಲು ಬಂತು, ಯಾಕೆ ಬಂತು ಅಂತ ಯೋಚಿಸಿದೆ. ಕತೆಯಾಯಿತು.

ನನ್ನ ಗುರುಗಳೆಂದರೆ ಚಿತ್ರಕಾರರೇ. ಹೆಣ ಹೊತ್ತ ವಿಕ್ರಮನನ್ನು ಬರೆದವರು ಶಂಕರ್. ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. 1952ರಲ್ಲಿ ‘ಚಂದಮಾಮ’ ಸೇರಿ ದಶಕಗಟ್ಟಲೆ ಚಿತ್ರ ಬರೆದರು. 2020ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಪದ್ಮಶ್ರೀ ಬಂತು. ಅದೇ ಪತ್ರಿಕೆಗೆ ಮಹಾಭಾರತದ ಬಣ್ಣದ ಚಿತ್ರಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ ನಮ್ಮ ಕರ್ನಾಟಕದವರು. ಅವರು ಮದರಾಸಿನಿಂದ ಬೆಂಗಳೂರಿಗೆ ಬಂದ ಮೇಲೆ ಅಂಚೆಯ ಮೂಲಕ ಚಿತ್ರಕಲೆ ಕಲಿಸುತ್ತಿದ್ದರು. ಸೇರಬೇಕೆಂದು ನನಗೆ ಆಸೆ. ಅಪ್ಪ, “ಮೊದಲು ಲೆಕ್ಕ ಸರಿಯಾಗಿ ಮಾಡು” ಅಂದರು. ಲೆಕ್ಕ ಸರಿ ಮಾಡುವುದರಲ್ಲೇ ಆಯುಷ್ಯ ಹೋಯಿತು. ಇನ್ನು ವಾಚನಾಲಯದಲ್ಲಿ ಸಿಕ್ಕ ಶಿವರಾಮ ಕಾರಂತರ ‘ಬಾಲ ಪ್ರಪಂಚ’. ಮೂರು ದಪ್ಪ ಸಂಪುಟ, ತುಂಬ ಚಿತ್ರ. ಭೂಮಿ, ಪ್ರಾಣಿ, ಯಂತ್ರ ಎಲ್ಲ ಅದರಲ್ಲೇ ಮೊದಲು ಕಂಡದ್ದು.

1991ರ ಡಿಸೆಂಬರ್

ಈಗ ಗಂಟಿನ ವಿಷಯ. ಇದನ್ನು ಮೊಮ್ಮಗಳಿಗೆ ಕಲ್ಯಾಣಿಯ ಕಟ್ಟೆಯ ಮೇಲೆ ಕೂತು ಹೇಳಿದೆ. ನಿಮಗೂ ಹೇಳುತ್ತೇನೆ.

1991ರ ಡಿಸೆಂಬರಿನಲ್ಲಿ ಕಾವೇರಿ ನೀರಿನ ವಿಚಾರಕ್ಕೆ ಊರಲ್ಲಿ ದೊಡ್ಡ ಗಲಾಟೆಯಾಯಿತು. ಅಂಗಡಿ, ಬಸ್ಸು ಸುಟ್ಟವು. ತಮಿಳರು ಹೆದರಿ ಮನೆಯೊಳಗೆ ಸೇರಿಕೊಂಡರು. ಕರ್ಫ್ಯೂ ಹಾಕಿದರು. ನಾನೂ ಅವನೂ ಆಗ ನಲವತ್ತರ ಗಂಡಸರು, ಹೆಂಡತಿ ಮಕ್ಕಳಿದ್ದವರು. ಅವರ ಮನೆಯ ದೀಪ ಎರಡು ರಾತ್ರಿ ಹತ್ತಲಿಲ್ಲ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಆದರೆ ಹೋಗಲಿಲ್ಲ. ಕರ್ಫ್ಯೂ ಇದೆ ಅಂತ ನನಗೆ ನಾನೇ ಹೇಳಿಕೊಂಡೆ. ಹನ್ನೆರಡು ಅಡಿ ರಸ್ತೆ ದಾಟಲು ಎಂಥ ಕರ್ಫ್ಯೂ? ಯಾರಾದರೂ ನೋಡಿದರೆ ಅನ್ನುವ ಹೆದರಿಕೆ, ಅಷ್ಟೇ.

ಹೋದದ್ದು ನಮ್ಮಮ್ಮ. ಸೆರಗಿನಲ್ಲಿ ಕಾಫಿ ಚೊಂಬು ಮುಚ್ಚಿಕೊಂಡು ರಸ್ತೆ ದಾಟಿದರು. ವಾಪಸು ಬರುವಾಗ ಅವರ ಕಂಕುಳಲ್ಲಿ ಈ ಗಂಟು ಇತ್ತು. “ಮಕ್ಕಳನ್ನ ಕರಕೊಂಡು ಕೃಷ್ಣಗಿರಿಗೆ ಹೋಗ್ತಾರಂತೆ. ಇದನ್ನ ಇಟ್ಟುಕೊಂಡಿರಿ, ಹಾಳಾಗಬಾರದು ಅಂದ” ಅಂದರು. ಮನೆ ಬಿಟ್ಟು ಹೋಗುವಾಗ ಒಬ್ಬ ಮನುಷ್ಯ ಜೋಪಾನ ಮಾಡಿದ್ದು ಹಳೇ ಮಕ್ಕಳ ಪತ್ರಿಕೆಯನ್ನು.

ಜನವರಿಯಲ್ಲಿ ಅವರು ವಾಪಸು ಬಂದರು. ಬೇಸಿಗೆಯ ಹೊತ್ತಿಗೆ, ಅವನು ಕೆಲಸ ಮಾಡುತ್ತಿದ್ದ ದೂರವಾಣಿ ನಗರದ ಐಟಿಐ ಕಾರ್ಖಾನೆಗೆ ಹತ್ತಿರ ಅಂತ ಕೃಷ್ಣರಾಜಪುರಕ್ಕೆ ಮನೆ ಬದಲಾಯಿಸಿದರು. ಮದುವೆ ಮುಂಜಿಯಲ್ಲಿ ಸಿಕ್ಕಾಗ ಮಾತಾಡಿದ್ದೇವೆ. ಗಂಟಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪುಸ್ತಕ ಕೊಡಲು ಹೋದರೆ ಆ ಎರಡು ರಾತ್ರಿಯ ಮಾತು ಬರುತ್ತದಲ್ಲ!

ಮೊಮ್ಮಗಳು ಸುಮ್ಮನೆ ಕೇಳಿದಳು. ಆಮೇಲೆ ಕೇಳಿದಳು: “ಅಜ್ಜಿಗೆ ಹೆದರಿಕೆ ಆಗಲಿಲ್ವಾ?”

“ಆಗಿತ್ತು. ಆದರೂ ಹೋದರು.”

ಮೆಟ್ರೋದಲ್ಲಿ ಎರಡು ಲಿಪಿ

ಹಲಸೂರು ನಿಲ್ದಾಣದಲ್ಲಿ ನೇರಳೆ ಮಾರ್ಗದ ರೈಲು ಹತ್ತಿದೆವು. ಮೆಟ್ರೋ 2011ರಲ್ಲಿ ಮೊದಲು ಓಡಿದ್ದು ಇದೇ ದಾರಿಯಲ್ಲಿ, ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ. ಅಲ್ಲಿಂದ ಕೃಷ್ಣರಾಜಪುರಕ್ಕೆ ಕೊಂಡಿ ಕೂಡಿದ್ದು 2023ರಲ್ಲಿ.

ನನ್ನ ಮೊಮ್ಮಗಳು ಕನ್ನಡವನ್ನು ಅರಳು ಹುರಿದ ಹಾಗೆ ಮಾತಾಡುತ್ತಾಳೆ. ಓದು ಅಂದರೆ ಮುಖ ಸೊಟ್ಟ. ಅವಳಿಗೆ ಕನ್ನಡ ಅಕ್ಷರ ಅಂದರೆ ಹೋಮ್‌ವರ್ಕು, ಕೆಂಪು ಗೆರೆ, ‘ಐದು ಸಲ ಬರೆ’. ಮನೆಯಲ್ಲಿ ನಾನು ಪುಸ್ತಕ ತೆಗೆದರೆ ಅವಳಿಗೆ ತಕ್ಷಣ ಬಾಯಾರಿಕೆ ಆಗುತ್ತದೆ.

ಆದರೆ ರೈಲಿನಲ್ಲಿ ಮಾಡಲು ಬೇರೆ ಕೆಲಸ ಇರಲಿಲ್ಲ. ನಿಲ್ದಾಣದ ಹೆಸರು ಕನ್ನಡದಲ್ಲಿ, ಪಕ್ಕದಲ್ಲೇ ಇಂಗ್ಲಿಷಿನಲ್ಲಿ. ಇಂದಿರಾನಗರ ಬಂದಾಗ ಅವಳೇ ಕೇಳಿದಳು: “ತಾತ, ಆ ಮೊದಲನೇದು ‘ಇಂ’ ಅಲ್ವಾ? ಪಕ್ಕದಲ್ಲಿ ಸೊನ್ನೆ ಇದೆ.” ಹೌದು ಅಂದೆ. ಮುಂದೆ ಬೆನ್ನಿಗಾನಹಳ್ಳಿ. ಅವಳ ಹುಬ್ಬು ಗಂಟಿಕ್ಕಿತು. “ನ ಕೆಳಗೆ ಇನ್ನೊಂದು ನ ಯಾಕೆ ನೇತಾಡುತ್ತೆ?”

ನನಗೆ ಮೈ ಜುಮ್ಮೆಂದಿತು. ಅರವತ್ತು ವರ್ಷದ ಹಿಂದೆ ಎದುರುಮನೆಯವನು ಕೇಳಿದ ಪ್ರಶ್ನೆ ಅದು. ಗೊತ್ತಿರುವ ಲಿಪಿಯ ಕೈ ಹಿಡಿದು ಗೊತ್ತಿಲ್ಲದ ಲಿಪಿಗೆ ಇವಳೂ ಇಳಿಯುತ್ತಿದ್ದಳು. ನಾನು ಹೇಳಿಕೊಡಲು ಹೋಗಲಿಲ್ಲ. ಬಾಯಿ ಮುಚ್ಚಿಕೊಂಡು ಕೂತೆ. ತಾತಂದಿರಿಗೆ ಇದು ಕಷ್ಟದ ಕೆಲಸ.

ಅವಳ ಚೀಲದಲ್ಲಿ ಶಾಲೆಯಿಂದ ತಂದ ಒಂದು ಚಿತ್ರಪುಸ್ತಕ ಇತ್ತು, ಪ್ರಥಮ್ ಬುಕ್ಸ್‌ನದು. ಇದು 2004ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ ಸಂಸ್ಥೆ. ಒಂದೇ ಕತೆ, ಒಂದೇ ಚಿತ್ರ, ಹಲವು ಭಾಷೆ. 2015ರಲ್ಲಿ ‘ಸ್ಟೋರಿವೀವರ್’ ಎಂಬ ಜಾಲತಾಣವನ್ನೂ ತೆರೆದರು. ಅಲ್ಲಿ ಚಿತ್ರಕತೆಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು, ತಮ್ಮ ಭಾಷೆಗೆ ತಿರುಗಿಸಲೂಬಹುದು. ಬಣ್ಣದ ಚಿತ್ರ ಅಚ್ಚಾಗುವುದು ನಾಲ್ಕು ಮಸಿಯಲ್ಲಿ: ನೀಲಿ, ಕೆಂಪು, ಹಳದಿ, ಕಪ್ಪು. ಅಕ್ಷರ ಇರುವುದು ಕಪ್ಪಿನಲ್ಲಿ. ಹಾಗಾಗಿ ಉಳಿದ ಮೂರು ಬಣ್ಣದ ಅಚ್ಚನ್ನು ಹಾಗೇ ಇಟ್ಟು, ಕಪ್ಪಿನದನ್ನು ಮಾತ್ರ ಬದಲಾಯಿಸಿದರೆ ಪುಸ್ತಕ ಇನ್ನೊಂದು ಭಾಷೆಯದಾಗುತ್ತದೆ.

“ಕಾಮಿಕ್ಸ್ ಮಾತ್ರ ಇಂಗ್ಲಿಷಿನದು, ಅಲ್ವಾ ತಾತ?” ಅಂದಳು.

ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇತ್ತು. ಅಮರ ಚಿತ್ರ ಕಥೆ ಎಲ್ಲರಿಗೂ ಗೊತ್ತು. ಆದರೆ ಅದು ಮೊದಲು ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ! 1965ರಲ್ಲಿ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಮೊದಲ ಹತ್ತು ಪುಸ್ತಕ ಕನ್ನಡದಲ್ಲಿ ಬಂದವು. ಅವು ವಿದೇಶದ ಕಿನ್ನರ ಕತೆಗಳು. ಅದಕ್ಕೇ ಇಂಗ್ಲಿಷ್ ಮಾಲೆ ಶುರುವಾಗುವುದು ಹನ್ನೊಂದನೇ ನಂಬರಿನಿಂದ, ‘ಕೃಷ್ಣ’ ಪುಸ್ತಕದಿಂದ. ಅದನ್ನು ರೂಪಿಸಿದವರು ಕಾರ್ಕಳದ ಅನಂತ ಪೈ. ಇದನ್ನು ಕೇಳಿದ ಅವಳಿಗೆ ಎಷ್ಟು ಹೆಮ್ಮೆ ಅಂದರೆ, ಪಕ್ಕದಲ್ಲಿ ಕೂತಿದ್ದ ಆಂಟಿಗೂ ಹೇಳಿದಳು.

ಕೃಷ್ಣರಾಜಪುರ: ಮುಂದಿನ ಹಾಳೆ

ಕೆ.ಆರ್. ಪುರ ನಿಲ್ದಾಣದಲ್ಲಿ ಇಳಿದರೆ ತೂಗುಸೇತುವೆ, ರೈಲು, ಬಸ್ಸು, ಲಾರಿ ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತವೆ. ಆಟೋ ಹಿಡಿದು ಒಳಗಿನ ಬೀದಿಗೆ ತಿರುಗಿದರೆ ಸದ್ದು ಇಳಿಯುತ್ತದೆ. ಅವನ ಮನೆಯ ಮುಂದೆ ಒಂದು ನುಗ್ಗೆ ಮರ. ಬಾಗಿಲಲ್ಲೇ ಅವನ ಹೆಂಡತಿ, “ವಾಂಗ ಅಣ್ಣಾ, ಬನ್ನಿ ಬನ್ನಿ” ಅಂದರು.

ಅವನು ಕುರ್ಚಿಯಲ್ಲಿ ಕೂತಿದ್ದ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಆಕಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದ. ನಾನು ಸಂಪುಟಗಳನ್ನು ಅವನ ಮಡಿಲಲ್ಲಿ ಇಟ್ಟೆ. ಬೆನ್ನು ಸವರಿದ. ಹಾಳೆ ತೆರೆದು ಮೂಗಿನ ಹತ್ತಿರ ಹಿಡಿದ.

“ಅಂಬುಲಿಮಾಮ” ಅಂದ. “ಒಳ್ಳೇ ಬೈಂಡಿಂಗ್ ಮಾಡಿಸಿದ್ದೀಯ ಕಣೋ.”

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. “ಆವತ್ತು ನಾನು ಬರಬೇಕಿತ್ತು” ಎಂದಷ್ಟೇ ಅಂದೆ.

ಅವನು ಸ್ವಲ್ಪ ಹೊತ್ತು ಹಾಳೆ ಸವರುತ್ತಿದ್ದ. “ನೀನು ಕಿಟಕೀಲಿ ನಿಂತಿದ್ದೆ. ನಾನೂ ಕಿಟಕಿ ಸಂದೀಲಿ ನೋಡ್ತಿದ್ದೆ. ಎರಡು ರಾತ್ರೀನೂ ನಿಂತಿದ್ದೆ” ಅಂದ. “ಬಂದಿದ್ದರೆ ಚೆನ್ನಾಗಿತ್ತು. ಕಿಟಕಿ ಮುಚ್ಚಿಕೊಂಡು ಮಲಗಿದ್ದರೆ ಮಾತ್ರ ಈ ಪುಸ್ತಕ ನಿಮ್ಮ ಮನೆಗೆ ಕೊಡ್ತಿರಲಿಲ್ಲ.”

ಅಷ್ಟೇ. ಮುಂದೆ ಆ ಮಾತು ಬರಲಿಲ್ಲ. ಅವನು ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, “ಪುಟ್ಟಿ, ಹಾಳೆ ತಿರುಗಿಸು. ಏನು ಚಿತ್ರ ಇದೆ ಹೇಳು” ಅಂದ.

“ಒಬ್ಬ ರಾಜ. ಹೆಗಲ ಮೇಲೆ ಒಬ್ಬರನ್ನ ಹೊತ್ತುಕೊಂಡಿದ್ದಾನೆ. ಅವರು ಸತ್ತುಹೋಗಿರೋ ಹಾಗಿದೆ.”

“ರಾಜ ಹೆದರಿದ್ದಾನಾ?”

ಅವಳು ಬಗ್ಗಿ ನೋಡಿದಳು. “ಗೊತ್ತಾಗ್ತಿಲ್ಲ. ಕತ್ತಿ ಮಾತ್ರ ಬಿಟ್ಟಿಲ್ಲ.”

“ಕೆಳಗೆ ಏನು ಬರೆದಿದೆ?”

“ನಂಗೆ ತಮಿಳು ಬರಲ್ಲ. ತಾತ ಓದ್ತಾರೆ.”

ಎಷ್ಟೋ ವರ್ಷದ ಮೇಲೆ ತಮಿಳು ಓದಲು ಕೂತೆ. ಬೆರಳಿಟ್ಟು ಓದಿದೆ. ಮೂರನೇ ಪದದಲ್ಲೇ ತಡವರಿಸಿದೆ. ಒಂದು ಕಡೆ ಗ ಅನ್ನಬೇಕಾದಲ್ಲಿ ಕ ಅಂದೆ. ಅವನು ಪುಸ್ತಕ ನೋಡದೆಯೇ, ನೆನಪಿನಿಂದಲೇ ತಿದ್ದಿದ. ನಾನು ಮತ್ತೆ ತಪ್ಪಿದೆ. ಅವನು ಮತ್ತೆ ತಿದ್ದಿದ. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ತಾತ, ನಿನಗೂ ಬರಲ್ವಾ?”

“ಬರುತ್ತೆ. ನಿಧಾನಕ್ಕೆ ಬರುತ್ತೆ.”

“ನನ್ನ ಥರಾನೇ” ಅಂದಳು. ಆ ಧ್ವನಿಯಲ್ಲಿ ಇದ್ದಷ್ಟು ಸಂತೋಷವನ್ನು ನಾನು ಅವಳಿಗೆ ಯಾವ ಬಹುಮಾನ ತಂದುಕೊಟ್ಟಾಗಲೂ ಕೇಳಿಲ್ಲ. ಅಜ್ಜ ಅಜ್ಜಿಯರಿಗೆ ನನ್ನದೊಂದು ಕಿವಿಮಾತು. ನಾವು ಗಡಗಡ ಓದಿ ತೋರಿಸಿದರೆ ಮಕ್ಕಳು ಹಿಂದೆ ಸರಿಯುತ್ತಾರೆ. ನಾವೂ ತಡವರಿಸುವುದನ್ನು ಒಮ್ಮೆ ನೋಡಲಿ.

ಮುರುಕ್ಕು, ಕಾಫಿ ಆಯಿತು. ಹೊರಡುವಾಗ ಅವನು ಒಂದು ಸಂಪುಟ ಇಟ್ಟುಕೊಂಡು ಇನ್ನೊಂದನ್ನು ನನ್ನ ಕೈಗೇ ಕೊಟ್ಟ. “ನಿನ್ನ ತಮಿಳು ತುಕ್ಕು ಹಿಡಿದಿದೆ. ಇದನ್ನ ಓದಿ ಮುಗಿಸು. ಮುಂದಿನ ತಿಂಗಳು ಇವಳನ್ನ ಕರಕೊಂಡು ಬಾ, ಬದಲಾಯಿಸಿಕೊಳ್ಳೋಣ. ನನಗೆ ಚಿತ್ರ ಹೇಳೋರು ಬೇಕು.”

“ಲೇಟಾದರೆ ಫೈನ್!” ಅಂದಳು ಮೊಮ್ಮಗಳು.

ಮಕ್ಕಳೇ, ನೀವೂ ಒಂದು ಆಟ ಆಡಿ ನೋಡಿ. ಚಿತ್ರ ಇರುವ ಒಂದು ಪುಸ್ತಕ ತೆಗೆದುಕೊಳ್ಳಿ. ಅಕ್ಷರಗಳನ್ನು ಕೈಯಿಂದ ಮುಚ್ಚಿ. ಚಿತ್ರವನ್ನು ಚೆನ್ನಾಗಿ ನೋಡಿ, ಕಣ್ಣು ಮಂಜಾದ ಒಬ್ಬ ಅಜ್ಜನಿಗೋ ಅಜ್ಜಿಗೋ ಹೇಳಿ. ಅವರು ನೂರು ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳುತ್ತ ಹೇಳುತ್ತ ನಿಮ್ಮದೇ ಕತೆ ಹುಟ್ಟುತ್ತದೆ. ಆಮೇಲೆ ಕೈ ತೆಗೆದು, ಪುಸ್ತಕ ಏನು ಹೇಳುತ್ತದೆ ಅಂತ ಓದಿ.

ವಾಪಸು ಬರುವಾಗ ರೈಲಿನಲ್ಲಿ ನಾನು ಸಂಪುಟ ತೆರೆದು ಬೆರಳಿಟ್ಟು ಓದುತ್ತಿದ್ದೆ. ಅವಳು ಕಿಟಕಿಗೆ ಮೂಗು ಒತ್ತಿ ಬೋರ್ಡು ಓದುತ್ತಿದ್ದಳು. ಬೆನ್ನಿಗಾನಹಳ್ಳಿಯಲ್ಲಿ ಇಬ್ಬರೂ ಒಟ್ಟಿಗೆ ಸಿಕ್ಕಿಹಾಕಿಕೊಂಡೆವು. ಹಲಸೂರು ಬಂದಾಗ ಅವಳು ಇಂಗ್ಲಿಷ್ ಕಡೆ ನೋಡದೆ ನಾಲ್ಕು ಅಕ್ಷರ ಓದಿದಳು: “ಹ… ಲ… ಸೂ… ರು. ಇಳಿ ತಾತ, ನಮ್ಮೂರು ಬಂತು.”